ಗಿಡ ಆಮೇಲೆ, ಮೊದಲು ನೀರಿನ ದಾರಿ ನೋಡಿ

ಹೊಸ ಮನೆ ಒಕ್ಕಲಾದ ಕೂಡ್ಲೆ ನಮ್ಮ ಉಡುಪಿ, ಮಂಗಳೂರು ಕಡೆ ಸುಮಾರು ಜನ ಮಾಡುವ ಮೊದಲ ಕೆಲಸ ನರ್ಸರಿಗೆ ಹೋಗುದು. ಕಾರಿನ ಡಿಕ್ಕಿ ತುಂಬ ಗಿಡ, ಅದರ ಜೊತೆಗೆ ಎರಡು ಗೋಣಿ ಕೆಂಪು ಮಣ್ಣು, ನಾಲ್ಕು ರೋಲ್ ಹುಲ್ಲಿನ ಶೀಟ್, ಎಲ್ಲ ತಂದು ಏಪ್ರಿಲಲ್ಲಿ ನೆಟ್ಟು ಜುಲೈ ಬರುವಾಗ ಅರ್ಧ ಕೊಳೆತು ಹೋಗಿರ್ತದೆ. ನನ್ನ ಚಿಕ್ಕಮ್ಮನ ಮಗಳು ಮಂಗಳೂರಲ್ಲಿ ಶಕ್ತಿನಗರ ಬದಿಯಲ್ಲಿ ಮನೆ ಕಟ್ಟಿಸ್ತಾ ಇದ್ದಾಳೆ, ಅವಳೂ ಫೋನ್ ಮಾಡಿ "ಅಕ್ಕ, ಗಾರ್ಡನ್‌ಗೆ ಎಂತೆಂತ ಗಿಡ ತರ್ಬೇಕು, ಒಂದು ಲಿಸ್ಟ್ ಕಳಿಸು" ಅಂದಳು. ಲಿಸ್ಟ್ ಬೇಡ ಮಾರಾಯ್ತಿ, ಒಂದು ದೊಡ್ಡ ಮಳೆ ಬರುವಾಗ ಕೊಡೆ ಹಿಡ್ಕೊಂಡು ಸೈಟಲ್ಲಿ ಅರ್ಧ ಗಂಟೆ ನಿಲ್ಲು, ನೀರು ಎಲ್ಲಿಂದ ಬರ್ತದೆ ಎಲ್ಲಿಗೆ ಹೋಗ್ತದೆ ಅಂತ ಒಂದು ಪೇಪರಲ್ಲಿ ಗೀಟು ಹಾಕಿ ನಂಗೆ ವಾಟ್ಸ್ಯಾಪ್ ಮಾಡು ಅಂದೆ. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೀತಾ ಇದ್ದೇನೆ, ಯಾಕಂದ್ರೆ ನೆಟ್ಟಲ್ಲಿ ಸಿಗುವ ಗಾರ್ಡನ್ ಪ್ಲಾನೆಲ್ಲ ಬೆಂಗಳೂರಿನ ಹವಾಮಾನಕ್ಕೆ ಬರೆದದ್ದು, ನಮ್ಮ ಮಳೆಗೆ ಅದು ಹೊಂದುದಿಲ್ಲ.

ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಅದ್ರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗೀತದೆ. ಆಮೇಲೆ ದೀಪಾವಳಿ ಹೊತ್ತಿಗೆ ಒಂದೆರಡು ಗುಡುಗಿನ ಮಳೆ, ಮತ್ತೆ ಮೇ ವರೆಗೆ ಹೆಚ್ಚುಕಡಿಮೆ ಏನಿಲ್ಲ. ಅಂದ್ರೆ ಒಂದೇ ಜಾಗ ನಾಲ್ಕು ತಿಂಗಳು ನೀರಲ್ಲಿ ನಿಂತಿರ್ತದೆ, ಮತ್ತೆ ಐದಾರು ತಿಂಗಳು ಒಣಗಿ ಮುರಕಲ್ಲಾಗಿರ್ತದೆ (ಕೆಂಪು ಜಂಬಿಟ್ಟಿಗೆ ಕಲ್ಲು), ಈ ಎರಡನ್ನೂ ತಡ್ಕೊಳ್ಳುವ ಹಾಗೆ ಪ್ಲಾನ್ ಮಾಡ್ಬೇಕು. ಸುಮ್ನೆ ಒಂದು ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ಮಳೆ ಬಿದ್ರೆ ಒಂದು ಲೀಟರ್ ನೀರು. 1000 ಚದರ ಅಡಿಯ ಮಾಡು (ಛಾವಣಿ) ಅಂದ್ರೆ ಹತ್ತಿರ ಹತ್ತಿರ 93 ಚದರ ಮೀಟರ್, ಆ ಒಂದು ಮಾಡಿನ ಮೇಲೆಯೇ ವರ್ಷಕ್ಕೆ 3.7 ಲಕ್ಷ ಲೀಟರ್ ಬೀಳ್ತದೆ. 6000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 60 ಟ್ಯಾಂಕರ್ ನೀರು! ಅಷ್ಟನ್ನೂ ಪೈಪಲ್ಲಿ ರೋಡಿಗೆ ಬಿಟ್ಟು ಏಪ್ರಿಲಲ್ಲಿ ಟ್ಯಾಂಕರ್‌ಗೆ ಫೋನ್ ಮಾಡುವ ಮನೆಗಳು ನಮ್ಮಲ್ಲಿ ಎಷ್ಟುಂಟು ನೋಡಿ. 2019ರ ಬೇಸಿಗೆ ಮರೆಯುವ ಹಾಗಿಲ್ಲ, ಸ್ವರ್ಣಾ ನದಿಯ ಬಜೆ ಡ್ಯಾಮಲ್ಲಿ ನೀರು ತಳ ಕಂಡು ಉಡುಪಿಯವರೂ, ತುಂಬೆಯಲ್ಲಿ ಕಡಿಮೆಯಾಗಿ ಮಂಗಳೂರಿನವರೂ ನಳ್ಳಿ ನೀರಿಗೆ ದಿನ ಕಾದಿದ್ರು. ಆಗ ಮನೆ ಬಾವಿಯಲ್ಲಿ ನೀರಿದ್ದವರ ತೋಟ ಮಾತ್ರ ಹಸಿರಿತ್ತು.

ಹಾಗಾಗಿ ಪೇಪರಲ್ಲಿ ಮೊದಲ ಗೀಟು ನೀರಿಂದು. ಮಾಡಿನ ನೀರು ದಂಬೆಯಿಂದ (ಸೂರಿಗೆ ಕಟ್ಟುವ ನೀರಿನ ಕೊಳವೆ) ಎಲ್ಲಿಗೆ ಬೀಳ್ತದೆ, ಮೇಲಿನ ಸೈಟಿನ ನೀರು ಯಾವ ಮೂಲೆಯಿಂದ ನುಗ್ಗುತ್ತದೆ, ಎಲ್ಲಿ ನಿಲ್ತದೆ, ಕೊನೆಗೆ ಯಾವ ತೋಡಿಗೆ ಹೋಗಿ ಸೇರ್ತದೆ. ಮಳೆ ನಿಂತ ಮೇಲೆ ನೋಡಿದ್ರೂ ಗೊತ್ತಾಗ್ತದೆ, ತರಗೆಲೆ ಮತ್ತು ಸಣ್ಣ ಕಡ್ಡಿಗಳು ಸಾಲಾಗಿ ನಿಂತಿರುವಲ್ಲಿ ನೀರು ನಿಧಾನ ಆಗಿದೆ ಅಂತ ಅರ್ಥ, ಮಣ್ಣು ಕೊರೆದು ಸಣ್ಣ ಕಲ್ಲು ಮಾತ್ರ ಉಳಿದಲ್ಲಿ ರಭಸ ಜಾಸ್ತಿ ಅಂತ ಅರ್ಥ. ನಿಧಾನ ಆಗುವ ಜಾಗ ಬಾಳೆಗೆ, ಕೆಸುವಿಗೆ, ಅರಶಿನಕ್ಕೆ ಇಡಿ. ಆದ್ರೆ ನೀರು ದಿನಗಟ್ಟಲೆ ಅಲ್ಲೇ ನಿಲ್ತದೆ ಅಂತಾದ್ರೆ ಅರಶಿನ ಬೇಡ, ಗಡ್ಡೆ ಕೊಳೀತದೆ, ಕೆಸು ಒಂದೇ ಸರಿ, ಆಟಿ ತಿಂಗಳಲ್ಲಿ ಪತ್ರೊಡೆಗೆ ಎಲೆ ಹುಡುಕಿಕೊಂಡು ಹೋಗುವ ಕೆಲಸವೂ ಇಲ್ಲ. ರಭಸ ಇರುವಲ್ಲಿ ಅಡ್ಡಕ್ಕೆ ಲಾವಂಚದ ಸಾಲು ಹಾಕಿ, ಅದರ ಬೇರು ನೆಟ್ಟಗೆ ಕೆಳಗೆ ಇಳೀತದೆ, ಬೆಳೆದ ಗಿಡದ್ದು ಹತ್ತು ಅಡಿ ವರೆಗೂ ಹೋಗ್ತದೆ, ಮಣ್ಣನ್ನು ಹಿಡಿದಿಡಲಿಕ್ಕೆ ಅದಕ್ಕಿಂತ ಒಳ್ಳೆ ಹುಲ್ಲು ನಂಗೆ ಗೊತ್ತಿಲ್ಲ.

ಇಲ್ಲೊಂದು ವಿಷಯ ಗಟ್ಟಿಯಾಗಿ ಹೇಳ್ಬೇಕು. ಇಂಗುಗುಂಡಿ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ, ಹೌದು ಒಳ್ಳೇದೇ, ಆದ್ರೆ ಎಲ್ಲ ಕಡೆ ಅಲ್ಲ. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರ ಅಡಿಯಲ್ಲಿ ಶೇಡಿ ಮಣ್ಣು, ಬಿಳಿ, ನಸುಗೆಂಪು ಬಣ್ಣದ್ದು, ಬಾವಿ ತೋಡುವಾಗ ನೋಡಿರ್ತೀರಿ. ಒಣಗಿದ್ದಾಗ ಅದು ಪಿಕ್ಕಾಸಿಗೂ ಜಗ್ಗುದಿಲ್ಲ, ನೀರು ಕುಡಿದ್ರೆ ಮಾತ್ರ ಬೆಣ್ಣೆ ಹಾಗೆ ಕರಗಿ ಜಾರ್ತದೆ. ಮಳೆಗಾಲದಲ್ಲಿ ಧರೆ (ಗುಡ್ಡದ ಕಡಿದಾದ ಬದಿ) ಕುಸಿಯುವ ಸುದ್ದಿ ಬರ್ತದಲ್ಲ, ಸುಮಾರು ಕಡೆ ಹಿಂದಿರುವುದು ಇದೇ ಶೇಡಿ. ಗುಡ್ಡ ಕಡಿದು ಸೈಟ್ ಮಾಡಿದಲ್ಲಿ ಧರೆಯ ಅಂಚಲ್ಲಿ ಇಂಗುಗುಂಡಿ ತೋಡಿದ್ರೆ ಮನೆಯ ಬುಡಕ್ಕೇ ಅಪಾಯ ತಂದುಕೊಂಡ ಹಾಗೆ. ಅಂಥ ಕಡೆ ಧರೆಯ ಮೇಲ್ಗಡೆ ಒಂದು ಕಣಿ ತೆಗೆದು ನೀರನ್ನು ಬದಿಯಿಂದ ಸಾಗಿಸಿ, ಕೆಳಗೆ ಸಮತಟ್ಟು ಜಾಗದಲ್ಲಿ ಇಂಗಿಸಿ. ಗೋಡೆ ಕಟ್ಟುದಾದ್ರೆ ನೀರು ಹೊರಗೆ ಬರ್ಲಿಕ್ಕೆ ಪೈಪಿನ ತೂತು ಬಿಡಲೇಬೇಕು, ಹಿಂಬದಿಗೆ ಜಲ್ಲಿ ತುಂಬಿಸ್ಬೇಕು. ತೂತಿಲ್ಲದ ಗೋಡೆ ಎಷ್ಟು ದಪ್ಪ ಇದ್ರೂ ಹಿಂದೆ ನಿಂತ ನೀರಿನ ಒತ್ತಡಕ್ಕೆ ಹೊಟ್ಟೆ ಬಿಡ್ತದೆ. ತಂಗಿಯ ಸೈಟಲ್ಲಿ ಮೇಸ್ತ್ರಿ "ತೂತು ಬಿಟ್ರೆ ಗೋಡೆ ಮೇಲೆ ಕಲೆ ಬೀಳ್ತದೆ ಅಕ್ಕ, ನೋಡ್ಲಿಕ್ಕೆ ಚಂದ ಇರುದಿಲ್ಲ" ಅಂದ್ರಂತೆ, ಕಲೆ ಬಿದ್ರೆ ಬೀಳ್ಲಿ, ನೀವು ಬಿಡಿ ಅಂತ ಹೇಳು ಅಂದಿದ್ದೇನೆ.

ಮಾಡಿನ ನೀರನ್ನು ಬಾವಿಗೆ ಬಿಡುದು ನಮ್ಮೂರಿಗೆ ಅತ್ಯಂತ ಸುಲಭದ ದಾರಿ. ನೀರು ಸೋಸಲಿಕ್ಕೆ ಒಂದು ಡ್ರಮ್, ಅಡಿಗೆ ದೊಡ್ಡ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಇದ್ದಿಲು, ಮರಳು, ಅಷ್ಟೇ. ಮೊದಲ ಕೆಲವು ಮಳೆಯ ನೀರು ಹೊರಗೆ ಬಿಡ್ಬೇಕು, ಮಾಡಿನ ಧೂಳು, ಕಾಗೆ ಹಿಕ್ಕೆ, ಎಲೆ ಎಲ್ಲ ತೊಳೆದು ಹೋಗ್ಲಿ. ಅದಕ್ಕೊಂದು ವಾಲ್ವ್ ಇಡಿ.

ಇನ್ನು ಇಂಟರ್‌ಲಾಕ್, ಅಂದ್ರೆ ಅಂಗಳಕ್ಕೆ ಜೋಡಿಸುವ ಸಿಮೆಂಟ್ ಇಟ್ಟಿಗೆ. ಅಂಗಳ ತುಂಬ ಇಂಟರ್‌ಲಾಕ್ ಹಾಕಿ ಮೂಲೆಯಲ್ಲಿ ನಾಲ್ಕು ಚಟ್ಟಿ ಇಟ್ರೆ ಅದು ನಂಗೆ ಬೇಸರದ ವಿಷಯ, ಹೇಳ್ದೆ ಇರ್ಲಿಕ್ಕೆ ಆಗುದಿಲ್ಲ. ಕಾರು ನಿಲ್ಲುವಷ್ಟು, ಅಡಿಕೆ, ಹಪ್ಪಳ ಒಣಗಿಸುವಷ್ಟು ಜಾಗಕ್ಕೆ ಹಾಕಿ, ಬೇಡ ಅನ್ನುದಿಲ್ಲ, ಕೆಸರಲ್ಲಿ ಹಿರಿಯರು ಜಾರಿ ಬೀಳ್ಬಾರ್ದು. ಉಳಿದದ್ದು ಮಣ್ಣಾಗಿಯೇ ಇರ್ಲಿ. ಹಾಕುವಲ್ಲಿ ಎಂಟು ಅಡಿಗೆ ಒಂದು ಇಂಚಿನಷ್ಟು ಇಳಿಜಾರು ಮನೆಯಿಂದ ಹೊರಗೆ ಇರ್ಬೇಕು, ಪಂಚಾಂಗದ (ಮನೆಯ ಅಡಿಪಾಯದ) ಬದಿಗೆ ನೀರು ಬರ್ಲೇಬಾರ್ದು. ಮಾಡಿಗೆ ದಂಬೆ ಇಲ್ಲದ ಮನೆಯಾದ್ರೆ ಸೂರಿನ ನೀರು ಬೀಳುವ ಗೆರೆಯಲ್ಲಿ ಒಂದೂವರೆ ಅಡಿ ಅಗಲಕ್ಕೆ ಹೊಳೆಕಲ್ಲು ಹಾಕಿ, ಇಲ್ಲಾಂದ್ರೆ ಆ ಧಾರೆ ಮಣ್ಣು ಕೊರೆದು ಕೆಂಪು ನೀರನ್ನು ಗೋಡೆಗೆ ಮೊಣಕಾಲೆತ್ತರಕ್ಕೆ ರಾಚ್ತದೆ.

ಎರಡನೇ ಗೀಟು ಬಿಸಿಲಿಂದು. ಇದನ್ನು ಯಾರೂ ಲೆಕ್ಕ ಹಾಕುದಿಲ್ಲ. ಉಡುಪಿ ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದು ಕಂಬದ ನೆರಳೇ ಕಾಣದ ಶೂನ್ಯ ನೆರಳಿನ ದಿನ ಬರ್ತದಲ್ಲ, ಅಲ್ಲಿಂದ ಆಗಸ್ಟ್ ಮಧ್ಯದ ವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿ ಇರ್ತಾನೆ. ಮತ್ತೆ ದಕ್ಷಿಣಕ್ಕೆ ಹೋಗ್ತಾನೆ. ಡಿಸೆಂಬರ್ ಮಧ್ಯಾಹ್ನ 20 ಅಡಿ ಎತ್ತರದ ಮಾಳಿಗೆ ಮನೆಯ ನೆರಳು ಉತ್ತರಕ್ಕೆ ಸುಮಾರು 15 ಅಡಿ ಚಾಚ್ತದೆ. ನಮ್ಮಲ್ಲಿ ತರಕಾರಿಗೆ ಒಳ್ಳೆ ಸೀಸನ್ನೇ ದೀಪಾವಳಿ ಕಳೆದ ಮೇಲೆ ಮಾರ್ಚ್ ವರೆಗೆ, ಆಗ ಮನೆಯ ಉತ್ತರಕ್ಕೆ ತಾಗಿಕೊಂಡು ಮಾಡಿದ ಅಲಸಂಡೆ, ಹರಿವೆ, ಗುಳ್ಳ ಬದನೆಗೆ ಬಿಸಿಲೇ ಸಿಗುದಿಲ್ಲ, ಎಷ್ಟು ಗೊಬ್ಬರ ಹಾಕಿದ್ರೂ ಗಿಡ ಉದ್ದ ಆಗ್ತದೆ ಹೊರತು ಕಾಯಿ ಬಿಡುದಿಲ್ಲ. ಉತ್ತರದ ಬದಿ ತಿಮರೆ (ಒಂದೆಲಗ), ಕೆಸು, ಶುಂಠಿ, ವೀಳ್ಯದೆಲೆ, ಅಂಥೋರಿಯಂಗೆ ಇಡಿ. ತರಕಾರಿಗೆ ದಕ್ಷಿಣ ಅಥವಾ ಪೂರ್ವ. ಪಶ್ಚಿಮದ ಗೋಡೆ ಮಾರ್ಚ್‌ನಿಂದ ಮೇ ವರೆಗೆ ಸಂಜೆ ಕಾದ ಕಾವಲಿ ಆಗಿರ್ತದೆ, ಒಳಗೆ ಫ್ಯಾನ್ ಹಾಕಿದ್ರೆ ಬಿಸಿಗಾಳಿ, ಅಲ್ಲಿ ಒಂದು ಮರ ಬೇಕೇ ಬೇಕು. ಮಳೆಗಾಲದ ಗಾಳಿ ಬರುದೂ ಅದೇ ಬದಿಯಿಂದ, ಹಾಗಾಗಿ ನುಗ್ಗೆ, ಪಪ್ಪಾಯ ಅಲ್ಲಿ ಬೇಡ, ಮುರಿದು ಬೀಳ್ತವೆ.

ಪಶ್ಚಿಮಕ್ಕೆ ನನ್ನ ಮೆಚ್ಚಿನ ಮರ ಪುನರ್ಪುಳಿ (ಕೋಕಂ). ವರ್ಷವಿಡೀ ಹಸಿರು, ಗೋಪುರದ ಆಕಾರ, ಕೊಂಬೆ ನೆಲಕ್ಕೆ ಬಾಗಿ ಬರ್ತದೆ, ಒಮ್ಮೆ ಬೇರು ಹಿಡಿದ್ರೆ ಬೇಸಿಗೆಯಲ್ಲಿ ಹೆಚ್ಚು ನೀರೂ ಕೇಳುದಿಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ಶರಬತ್ತಿಗೆ ಹಣ್ಣು. ಆದ್ರೆ ಒಂದು ತಿಳ್ಕೊಳ್ಳಿ, ಇದ್ರಲ್ಲಿ ಗಂಡು ಮರ ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಆದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ ಬರ್ತದೆ, ಏಳೆಂಟು ವರ್ಷ ಸಾಕಿದ ಮೇಲೆ ಕಾಯಿ ಇಲ್ಲ ಅಂತ ಗೊತ್ತಾದ್ರೆ ಎಷ್ಟು ಸಂಕಟ. ಒಂದೇ ಮರ ಇಡುವವರು ಕಸಿ ಗಿಡವೇ ಕೇಳಿ ತನ್ನಿ. ಜೀಗುಜ್ಜೆಗೂ (ಬ್ರೆಡ್‌ಫ್ರೂಟ್) ಜಾಗ ಇದ್ರೆ ಒಂದು ಮೂಲೆ ಕೊಡಿ, ಅದಕ್ಕೆ ಬೀಜವೇ ಇಲ್ಲ, ಬೇರಿನಿಂದ ಬಂದ ಚಿಗುರನ್ನೇ ಕಿತ್ತು ನೆಡುದು. ಅಂಗಳದಿಂದ ದೂರ ಇರ್ಲಿ, ಎಲೆ ಒಂದೊಂದು ಮೊರದಗಲ ಬೀಳ್ತದೆ.

ತೆಂಗಿನ ವಿಷಯದಲ್ಲಿ ಸೆಂಟಿಮೆಂಟ್ ಜಾಸ್ತಿ, 10 ಸೆಂಟ್ಸ್ ಜಾಗದಲ್ಲಿ ಎಂಟು ತೆಂಗು ನೆಡುವವರುಂಟು. ಒಂದಕ್ಕೊಂದು 25 ಅಡಿ ಅಂತರ ಬೇಕು, ಮನೆಯ ಮಾಡಿನಿಂದ ಕನಿಷ್ಠ 15 ಅಡಿ, ಮಡಲು (ತೆಂಗಿನ ಗರಿ) ಹಂಚಿನ ಮೇಲೆ ಬೀಳುವ ಶಬ್ದ ರಾತ್ರಿ ಕೇಳಿದವರಿಗೆ ಇದು ವಿವರಿಸ್ಬೇಕಂತಿಲ್ಲ. ಮನೆ ಖರ್ಚಿಗೆ ಎರಡು ಮೂರು ಮರ ಸಾಕು, ಎಳನೀರಿಗೆ ಅಂತಾದ್ರೆ ಗಿಡ್ಡ ತಳಿ ಚೌಘಾಟ್ ಆರೆಂಜ್ ಒಂದು ಇಡಿ, ಮಕ್ಕಳೂ ಕೈಯಲ್ಲಿ ಕೊಯ್ಯಬಹುದು. ಮುರಕಲ್ಲಿನ ಜಾಗದಲ್ಲಿ ಗುಂಡಿ ನಾಲ್ಕು ಅಡಿ ಉದ್ದ, ಅಗಲ, ಆಳ ಇರ್ಬೇಕು, ತೋಡಿ ಎರಡು ಕಿಲೋ ಕಲ್ಲುಪ್ಪು ಹಾಕಿ ಆರು ತಿಂಗಳು ಬಿಟ್ರೆ ಕಲ್ಲು ಸ್ವಲ್ಪ ಸಡಿಲ ಆಗ್ತದೆ. ಅಡಿಗೆ ಎರಡು ಸಾಲು ತೆಂಗಿನ ಸಿಪ್ಪೆ, ಬಟ್ಟಲಿನ ಬದಿ ಮೇಲೆ ಮಾಡಿ ಜೋಡಿಸಿದ್ರೆ ಅದು ನೀರು ಹಿಡ್ಕೊಳ್ತದೆ. ಇದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹೇಳುವ ಕ್ರಮ, ನಮ್ಮ ಅಜ್ಜಂದಿರೂ ಸಿಪ್ಪೆ ಹಾಕುದು ಬಿಟ್ಟವರಲ್ಲ.

ಮಣ್ಣಿನ ಬಗ್ಗೆ ಇಷ್ಟು ಹೇಳ್ಬೇಕು. ಮನೆ ಕಟ್ಟಲಿಕ್ಕೆ ಜೆಸಿಬಿ ಬರುವ ದಿನ ನೀವು ಅಲ್ಲೇ ಇರಿ. ಮೇಲಿನ ಅರ್ಧ ಅಡಿ ಕಪ್ಪು ಮಣ್ಣನ್ನು ಬೇರೆ ರಾಶಿ ಹಾಕಿಸಿ, ಮಡಲು ಮುಚ್ಚಿ ಇಡಿ. ಅದನ್ನು ಅಡಿಪಾಯದ ಮಣ್ಣಿನ ಜೊತೆ ಸೇರಿಸಿ ಲಾರಿಯಲ್ಲಿ ಕಳಿಸಿದ್ರೆ ಆಮೇಲೆ ದುಡ್ಡು ಕೊಟ್ಟು ತಂದ ಕೆಂಪು ಮಣ್ಣಲ್ಲಿ ಅದರ ಸತ್ವ ಬರುದಿಲ್ಲ. ನಮ್ಮ ಮಣ್ಣು ಹುಳಿ, ಇಷ್ಟು ಮಳೆಗೆ ಸುಣ್ಣದ ಅಂಶ, ಪೊಟ್ಯಾಷ್ ಎಲ್ಲ ತೊಳೆದು ಹೋಗಿರ್ತದೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಮಂಗಳೂರಿನವರಾದ್ರೆ ಕಂಕನಾಡಿಯಲ್ಲಿ, ಮಣ್ಣು ಪರೀಕ್ಷೆಗೆ ವಿಚಾರಿಸಿ, ಪಿಎಚ್ (ಹುಳಿಯ ಅಳತೆ) ನೋಡಿಕೊಂಡು ಮೇ ತಿಂಗಳ ಒಂದೆರಡು ಮಳೆ ಬಿದ್ದ ಮೇಲೆ ಚಿಪ್ಪು ಸುಣ್ಣ ಹಾಕಿ. ಸುಣ್ಣ ಮತ್ತು ಹಟ್ಟಿಗೊಬ್ಬರ ಒಟ್ಟಿಗೆ ಹಾಕ್ಬಾರ್ದು, ಗೊಬ್ಬರದ ಸಾರಜನಕ ಗಾಳಿಗೆ ಹೋಗ್ತದೆ, ಎರಡು ವಾರ ಅಂತರ ಇರ್ಲಿ. ಮತ್ತೆ ನಮ್ಮ ಸುಡುಮಣ್ಣು, ತರಗೆಲೆ, ಕಸಕಡ್ಡಿ ಮೇಲೆ ಮಣ್ಣಿನ ಹೆಂಟೆ ಮುಚ್ಚಿ ನಿಧಾನ ಹೊಗೆಯಾಡಿಸಿ ಮಾಡುದು, ಅದ್ರಲ್ಲಿ ಕಳೆ ಬೀಜ ಸುಟ್ಟು ಹೋಗ್ತದೆ, ಬೂದಿಯ ಪೊಟ್ಯಾಷ್ ಸೇರ್ತದೆ, ಹುಳಿಯೂ ಕಡಿಮೆ ಆಗ್ತದೆ. ನಮ್ಮ ಅತ್ತೆ ಬೆಂಡೆ ಬೀಜ ಹಾಕುದಾದ್ರೆ ಸುಡುಮಣ್ಣು ಇಲ್ಲದೆ ಹಾಕಿದವರೇ ಅಲ್ಲ. ಪತ್ತನಾಜೆ ಹೊತ್ತಿಗೆ, ಅಂದ್ರೆ ಮೇ 24-25ರ ಸುಮಾರಿಗೆ ಬೆಂಡೆ, ಹೀರೆ, ಪಡವಲ, ಮುಳ್ಳುಸೌತೆ ಬೀಜ ಮಣ್ಣಿಗೆ ಬಿದ್ದಾಗಿರ್ಬೇಕು, ಜಡಿಮಳೆ ಹಿಡಿಯುವ ಮೊದಲು ನಾಲ್ಕೆಲೆ ಬಂದ್ರೆ ಗಿಡ ಉಳೀತದೆ. ಮಳೆಗಾಲದ ತರಕಾರಿಗೆ ಮಣ್ಣು ಏರಿಸಿ ಸಾಲು ಮಾಡಿ ಮಧ್ಯೆ ಕಣಿ, ಬೇಸಿಗೆ ತರಕಾರಿಗೆ ಅದೇ ಜಾಗದಲ್ಲಿ ತಗ್ಗು ಸಾಲು, ನೀರು ಬುಡದಲ್ಲಿ ನಿಲ್ಲುವ ಹಾಗೆ. ಒಂದೇ ಜಾಗಕ್ಕೆ ವರ್ಷಕ್ಕೆರಡು ರೂಪ.

ಚಂದಕ್ಕೆ ಗಿಡ ಬೇಡ್ವಾ ಅಂತ ಕೇಳ್ತೀರಿ. ಬೇಕು, ಖಂಡಿತ ಬೇಕು. ಆದ್ರೆ ಲಾನ್ ಬೇಡ ಅಂತ ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಪಾಚಿ ಹಿಡಿದು ಕಪ್ಪಾಗ್ತದೆ, ಬೇಸಿಗೆಯಲ್ಲಿ ದಿನಾ ನೀರು ಬೇಕು, ಕುಡಿಯುವ ನೀರಿಗೇ ಪಂಪ್ ಲೆಕ್ಕ ಹಾಕುವ ತಿಂಗಳಲ್ಲಿ ಹುಲ್ಲಿಗೆ ಪೈಪ್ ಹಿಡಿಯುದು ಮನಸ್ಸಿಗೆ ಬರುದಿಲ್ಲ. ಬೇಲಿಗೆ ದಾಸವಾಳ, ಕೇಪುಳ, ನಂದಬಟ್ಟಲು ಕಲಸಿ ನೆಡಿ, ವರ್ಷವಿಡೀ ದೇವರಿಗೆ ಹೂವು, ಹಕ್ಕಿಗಳಿಗೆ ಜೇನು. ಹಿತ್ಲಿನ ಗಡಿಗೆ ಗೊಬ್ಬರದ ಗಿಡದ (ಗ್ಲಿರಿಸಿಡಿಯ) ಕೋಲು ಊರಿದ್ರೆ ಸಾಕು, ಸೊಪ್ಪು ಕಡಿದು ತೆಂಗಿನ ಬುಡಕ್ಕೆ. ಎತ್ತರದ ಮರ, ಅದರ ಕೆಳಗೆ ನಡು ಎತ್ತರದ್ದು, ಅದಕ್ಕೆ ಹಬ್ಬುವ ಬಳ್ಳಿ, ನೆಲದಲ್ಲಿ ನೆರಳು ಸಹಿಸುವ ಗಿಡ, ಹೀಗೆ ಅಂತಸ್ತು ಅಂತಸ್ತಾಗಿ ಬೆಳೆಸುದು ಹೇಗೆ ಅಂತ ನೋಡ್ಬೇಕಾದ್ರೆ ನಿಮ್ಮ ಮೂಲದ ನಾಗಬನಕ್ಕೆ ಹೋದಾಗ ಸುತ್ತ ಕಣ್ಣು ಹಾಯಿಸಿ, ಕಾಂಕ್ರೀಟ್ ಹಾಕದ ಬನ ಇದ್ರೆ. ಯಾರೂ ನೀರು ಹಾಕುದಿಲ್ಲ, ಗೊಬ್ಬರ ಹಾಕುದಿಲ್ಲ, ಬಿದ್ದ ಎಲೆಯನ್ನು ಗುಡಿಸುದಿಲ್ಲ, ಏಪ್ರಿಲಲ್ಲೂ ನೆಲ ತಂಪು.

ಮಲ್ಲಿಗೆ ಬಗ್ಗೆ ಬೇರೆಯೇ ಒಂದು ಪೋಸ್ಟ್ ಬರೀಬೇಕು. ನಮ್ಮ ಉಡುಪಿ ಮಲ್ಲಿಗೆಗೆ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಮಾನ್ಯತೆ) ಉಂಟು, ಶಂಕರಪುರದ ಸುತ್ತ ಎಷ್ಟೋ ಮನೆಗಳಲ್ಲಿ ಹೆಂಗಸರು ಅಂಗಳದ ಪಕ್ಕದ ನಾಲ್ಕೈದು ಸೆಂಟ್ಸ್ ಜಾಗದಲ್ಲೇ ಬೆಳೆದು ಮಕ್ಕಳ ಫೀಸು ಕಟ್ಟಿದ್ದಾರೆ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು ಬಾಳೆ ನಾರಿನಲ್ಲಿ ಕಟ್ಟಿ, ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಹೂವು ಮಾರುವ ಕಟ್ಟೆಯಲ್ಲಿ ದಿನದಿನದ ರೇಟ್, ಮದುವೆ ಸೀಸನಲ್ಲಿ ಅಟ್ಟೆಗೆ 2000 ದಾಟುದೂ ಉಂಟು. ಇದಕ್ಕೆ ಪೂರ್ತಿ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಲೇಬಾರ್ದು. ಹತ್ತು ಗಿಡಕ್ಕೆ ಜಾಗ ಇಟ್ರೂ ಮನೆಗೆ ಹೂವು ತರುವ ಖರ್ಚಿಲ್ಲ. ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ ಬಂತು, ಕಟಪಾಡಿ ಹತ್ತಿರದ ಮಟ್ಟುವಿನ ಮರಳು ಮಿಶ್ರಿತ ಮಣ್ಣಿನ ರುಚಿ ನಮ್ಮ ಪರ್ಕಳದ ಮುರಕಲ್ಲಿನ ಮಣ್ಣಲ್ಲಿ ಬರುದಿಲ್ಲ, ಆದ್ರೂ ನಾಲ್ಕು ಗಿಡ ಇಡ್ತೇನೆ, ಹುಳಿಗೆ ಸಾಕು.

ಬಸಳೆ ಚಪ್ಪರ ಎಲ್ಲಿ ಅಂತ ಕೇಳ್ಬೇಡಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಹಿಂದಿನವರು ಬಚ್ಚಲಿನ ಹಿಂದೆಯೇ ಹಾಕ್ತಿದ್ದದ್ದು ಸುಮ್ನೆ ಅಲ್ಲ, ಮಿಂದ ನೀರು ದಿನಾ ಅಲ್ಲಿಗೇ ಹೋಗ್ತದೆ. ಈಗ ಸೋಪಿನ ಪುಡಿ ಖಾರ ಜಾಸ್ತಿ, ಹಾಗಾಗಿ ಮೊದಲ ಸೋಪಿನ ನೀರು ಚರಂಡಿಗೆ, ಕೊನೆಗೆ ಹಿಂಡಿದ ನೀರು ಮಾತ್ರ ಬಸಳೆ ಬುಡಕ್ಕೆ ಹೋಗುವ ಹಾಗೆ ನಾನು ಎರಡು ದಾರಿ ಮಾಡಿಸಿದ್ದೇನೆ, ಒಂದು ಕಲ್ಲು ಆಚೆ ಈಚೆ ಇಟ್ರೆ ದಾರಿ ಬದಲಾಗ್ತದೆ. ಮಳೆ ಕಡಿಮೆಯಾದ ಮೇಲೆ ಬಲಿತ ಬಳ್ಳಿಯ ತುಂಡು, ಮೂರು ಗಂಟು ಇರುವಂಥದ್ದು, ಎರಡು ಗಂಟು ಮಣ್ಣೊಳಗೆ ಹೋಗುವ ಹಾಗೆ ಓರೆಯಾಗಿ ಊರಿ. ಅಡಿಕೆ ಸಲಾಕೆಯ ಚಪ್ಪರ ಎದೆಮಟ್ಟಕ್ಕೆ ಸಾಕು, ತಲೆಗಿಂತ ಎತ್ತರ ಮಾಡಿದ್ರೆ ಕೊಯ್ಯುವವರ ಕುತ್ತಿಗೆ ನೋವು.

ಉಪದ್ರ ಕೊಡುವವರ ಬಗ್ಗೆ ಪ್ಲಾನಿನಲ್ಲೇ ಯೋಚನೆ ಮಾಡಿ. ಈಗ ನವಿಲು ವಿಪರೀತ ಆಗಿದೆ, ಮೊಳಕೆ ಬಂದ ಅಲಸಂಡೆ ಒಂದೇ ಬೆಳಿಗ್ಗೆ ಖಾಲಿ, ಗಿಡ ಮೊಣಕಾಲೆತ್ತರ ಬರುವ ವರೆಗೆ ಹಳೆ ಮೀನಿನ ಬಲೆ ಮುಚ್ಚಿ, ಮಲ್ಪೆ ಬದಿಯಲ್ಲಿ ಪರಿಚಯದವರಿದ್ರೆ ಸಿಗ್ತದೆ. ಆಫ್ರಿಕನ್ ಬಸವನಹುಳುವಿಗೆ ಒದ್ದೆ ಗೋಣಿಯ ಅಡಿಯಲ್ಲಿ ಪಪ್ಪಾಯ ಎಲೆ ಇಟ್ರೆ ರಾತ್ರಿ ಬಂದು ಸೇರ್ತವೆ, ಬೆಳಿಗ್ಗೆ ಗ್ಲೌಸ್ ಹಾಕಿ ಹೆಕ್ಕಿ ಉಪ್ಪುನೀರಿನ ಬಕೆಟಿಗೆ. ಚಟ್ಟಿಯ ಅಡಿಯ ತಟ್ಟೆಗಳು ನಮ್ಮೂರಿಗೆ ಬೇಡವೇ ಬೇಡ, ಮಲೇರಿಯ ಡೆಂಗ್ಯು ಎರಡೂ ಇರುವ ಊರಲ್ಲಿ ನಿಂತ ನೀರು ಇಡ್ಬಾರ್ದು, ತಾವರೆ ತೊಟ್ಟಿ ಇಡುವ ಆಸೆ ಇದ್ರೆ ಗಪ್ಪಿ ಮೀನು ಬಿಡಿ.

ಕೊನೆಗೆ ದಾರಿ. ಗಿಡ ಸಣ್ಣ ಇರುವಾಗ ಎಲ್ಲ ಅಗಲ ಕಾಣ್ತದೆ, ಎರಡು ವರ್ಷದಲ್ಲಿ ಮುಚ್ಚಿ ಹೋಗ್ತದೆ. ಗೇಟಿಂದ ಹಿತ್ಲಿನ ವರೆಗೆ ಮೂರು ಅಡಿ ದಾರಿ ಬಿಡಿ, ಕಾಯಿ ಕೊಯ್ಯುವವರು ಏಣಿ ತರ್ಬೇಕು, ಗೊಬ್ಬರದ ಬುಟ್ಟಿ ಹೊತ್ತವರು ತಿರುಗ್ಬೇಕು. ಬಾವಿಕಟ್ಟೆ ಸುತ್ತ, ಪಂಪಿನ ಹತ್ತಿರ, ಬಾಗಿಲಿನ ಬದಿ ಪೊದೆ ಬೇಡ, ಹಾವು ಇದ್ರೆ ಕಾಣ್ಬೇಕು.

ತಂಗಿ ಮೊನ್ನೆ ನೀರಿನ ಮ್ಯಾಪ್ ಕಳಿಸಿದ್ದಾಳೆ, ಮೇಲಿನ ಸೈಟಿನ ನೀರು ನೇರ ಅವಳ ಅಡುಗೆಕೋಣೆಯ ಮೂಲೆಗೇ ಬರ್ತಾ ಉಂಟು, ಅಲ್ಲಿ ಕಣಿ ತೆಗೆಸಿದ ಮೇಲೆಯೇ ಉಳಿದ ಮಾತು. ಗಿಡದ ಲಿಸ್ಟ್ ಇನ್ನೂ ಕೊಟ್ಟಿಲ್ಲ. ಅವಳಿಗೆ ಒಂದು ಒಳ್ಳೆ ಜೀಗುಜ್ಜೆ ಗಿಡ ಬೇಕಿತ್ತು, ಮಂಗಳೂರು ಬದಿಯಲ್ಲಿ ನಿಮ್ಮ ಮರದ ಬುಡದಲ್ಲಿ ಬೇರಿನ ಚಿಗುರು ಬಂದದ್ದುಂಟಾದ್ರೆ ದಯವಿಟ್ಟು ತಿಳಿಸಿ, ಮಳೆ ಹಿಡಿದ ಮೇಲೆ ಬಂದು ತಗೊಂಡು ಹೋಗ್ತೇವೆ.